ಒಂಟಿಗಾಲಿಯ ಗಾಳಿ

ಗಾಲಿ ಎಂಬ ಮಾತಿಗೂ ಗಾಳಿ ಎಂಬ ಮಾತಿಗೂ ನಡುವಣ ಅಂತರ ಒಂದೇ ಅಕ್ಷರದ್ದು. ಲಕಾರ ಳಕಾರಗಳನ್ನು ಅದಲುಬದಲು ಮಾಡಿದ ಉತ್ತರಪತ್ರಿಕೆಗಳನ್ನು ಬಹಳ ವರ್ಷಗಳಿಂದ ತಿದ್ದುತ್ತ ಬಂದಿರುವ ನನಗೆ ಈ ಜೋಡಿ ಹಳೆಯ ಪರಿಚಯ. ಆದರೆ ಈ ಸಲ ಅದನ್ನು ವ್ಯಾಕರಣದ ಉದಾಹರಣೆಗೆಂದು ಎತ್ತಿಕೊಂಡಿಲ್ಲ. ಒಂದೇ ಗಾಲಿಯ ಸೈಕಲ್ಲಿನಲ್ಲಿ ಎಷ್ಟು ಗಾಳಿ ಇರಬೇಕು ಎಂಬುದೇ ಇಲ್ಲಿಯ ವಿಷಯ. ಕನ್ನಡ ವಿಭಾಗದ ವಾರ್ತಾಪತ್ರಕ್ಕೆ ಇದೇನು ವಿಷಯ ಎಂದು ಹುಬ್ಬೇರಿಸುವವರು ಎರಡು ಪುಟಗಳಷ್ಟು ತಾಳ್ಮೆ ವಹಿಸಬೇಕೆಂದು ಕೋರುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಈ ಪ್ರಶ್ನೆಗೆ ಉತ್ತರವಲ್ಲ. ಪಂಕ್ಚರ್ ಅಂಗಡಿಯವನ ಹೆಬ್ಬೆರಳೂ ಉತ್ತರವಲ್ಲ. ಏರುವವನ ತೂಕ, ಟೈರಿನ ಅಗಲ, ನೆಲದ ಸ್ವಭಾವ, ಮಾಡಬೇಕೆಂದಿರುವ ಸವಾರಿಯ ಬಗೆ, ಇವಿಷ್ಟನ್ನೂ ಕೂಡಿಸಿ ಪ್ರತಿಯೊಬ್ಬನೂ ತನಗಾಗಿ ಹುಡುಕಿಕೊಂಡು, ಹುಡುಕಿದ್ದನ್ನು ಬರೆದಿಡಬೇಕಾದ ಹದ ಅದು. ಹಾಗೆ ಹುಡುಕದೆ ಏರಿದವನು ಬಿದ್ದಾಗ, ಟ್ಯೂಬಿನಲ್ಲಿರುವ ದೋಷವನ್ನು ತನ್ನ ದೇಹದ ಮೇಲೆ ಹೊತ್ತುಕೊಳ್ಳುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ.

ಈ ತಕರಾರು ಹುಟ್ಟಿದ್ದು ಪಲ್ಲಡಂನಲ್ಲಿ. ಕೊಯಮತ್ತೂರಿನಿಂದ ತಿರುಚ್ಚಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಆ ಊರು ಮೊದಲು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾದ ಮೇಲೆ ಅದಕ್ಕೆ ಸೇರಿತು. ಸುತ್ತಲೂ ವಿದ್ಯುನ್ಮಗ್ಗಗಳು, ಕೋಳಿ ಸಾಕಣೆಯ ಉದ್ದನೆಯ ಕೊಟ್ಟಿಗೆಗಳು, ಅವುಗಳಾಚೆ ಸಾಲುಸಾಲಾಗಿ ಗಾಳಿಯಂತ್ರಗಳು. ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡನಾಡಿಗೆ ಎಲ್ಲೆ ಹಾಕಿದ್ದನ್ನು ನೀವು ಮೊದಲ ವರ್ಷದಲ್ಲಿಯೇ ಓದಿದ್ದೀರಿ. ಪಲ್ಲಡಂ ಆ ಎಲ್ಲೆಗೆ ಹೊರಗೆ, ಕೊಂಗುನಾಡಿನೊಳಗೆ ಇದೆ. ಆದರೂ ಕೊಂಗುನಾಡಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತು ಕನ್ನಡದಲ್ಲಿ ನಡೆಯುತ್ತದೆ. ಬರಹ ಮಾತ್ರ ತಮಿಳಿನಲ್ಲಿ. ಆ ಕನ್ನಡವನ್ನು ಕಿವಿಯಾರೆ ಕೇಳಿ ಪದಗಳನ್ನು ಸಂಗ್ರಹಿಸಲೆಂದು ನಮ್ಮ ಐಚ್ಛಿಕ ಕನ್ನಡದ ಕೆಲವು ವಿದ್ಯಾರ್ಥಿಗಳೊಡನೆ ಜೂನ್ ತಿಂಗಳ ಮೊದಲ ವಾರದಲ್ಲಿ ನಾನು ಅಲ್ಲಿಗೆ ಹೋಗಿದ್ದೆ.

ನಾವು ಕುಳಿತಿದ್ದ ಒಂದು ಮನೆಯ ಮೊಮ್ಮಗ, ಕಾಲೇಜಿನ ಮೊದಲ ವರ್ಷದ ಹುಡುಗ, ಒಂಟಿಗಾಲಿಯ ಸೈಕಲ್ಲು ಹೊಡೆಯುತ್ತಿದ್ದ. 20 ಅಂಗುಲದ ಗಾಲಿ, ಸುಮಾರು 2 ಅಂಗುಲ ಅಗಲದ ಟೈರು. ಜಲ್ಲಿ ಹರಡಿದ ಬೀದಿಯಲ್ಲಿ ಅವನು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡುವುದನ್ನು ನೋಡಿ ನಮ್ಮ ಹುಡುಗನೊಬ್ಬನಿಗೆ ಆಸೆಯಾಯಿತು. ಗೋಡೆ ಹಿಡಿದು ಏರಿದ, ಬಿದ್ದ, ಏರಿದ, ಬಿದ್ದ. ಎಂಟು ಹತ್ತು ಸಲ ಹೀಗಾದ ಮೇಲೆ ಮೊಣಕೈ ಒರೆಸಿಕೊಳ್ಳುತ್ತ ಬಂದು, “ಸರ್, ನನಗ ಬ್ಯಾಲೆನ್ಸ ಇಲ್ರಿ” ಎಂದ. ಆ ಮಾತನ್ನು ಅವನು ಹೇಳಿದ ಬಗೆ ನನಗೆ ಸೇರಲಿಲ್ಲ. “ನನಗ ಇಂಗ್ಲಿಷ ಬರೂದಿಲ್ರಿ, ಅದಕ್ಕ ಕನ್ನಡ ತಗೊಂಡೀನ್ರಿ” ಎಂದು ಪ್ರವೇಶದ ದಿನ ಕೆಲವರು ಹೇಳುವುದೂ ಇದೇ ದನಿಯಲ್ಲಿ.

ಆ ಮನೆಯ ಹುಡುಗ ಮಾತ್ರ ಬ್ಯಾಲೆನ್ಸಿನ ಮಾತೇ ಎತ್ತದೆ, “ಎಡೆ ಎಷ್ಟು?” ಎಂದು ಕೇಳಿದ. ನಮ್ಮವರು ತಬ್ಬಿಬ್ಬಾದರು, ಎಡೆ ಎಂದರೆ ನಮ್ಮ ಕಡೆ ದೇವರ ಮುಂದೆ ಬಡಿಸುವುದು. ಅವನು ಕೇಳಿದ್ದು ತಮಿಳಿನ ‘ಎಡೈ’, ಅಂದರೆ ತೂಕ. ನಮ್ಮ ಹುಡುಗನ ತೂಕ 78 ಕಿಲೋ, ಅವನದು 45. ಅದನ್ನು ಕೇಳಿದವನೇ ಒಳಗಿನಿಂದ ಗೇಜು ಇರುವ ಪಂಪು ತಂದು, 25ರಲ್ಲಿದ್ದ ಮುಳ್ಳನ್ನು 40ಕ್ಕೆ ಏರಿಸಿದ. ಸಂಜೆಯ ಹೊತ್ತಿಗೆ ನಮ್ಮ ಹುಡುಗ ಗೋಡೆ ಬಿಟ್ಟು ಪೆಡಲನ್ನು ಮೂರು ಸುತ್ತು ತುಳಿದ. ಮೂರೇ ಸುತ್ತು, ಪವಾಡವೇನೂ ನಡೆಯಲಿಲ್ಲ. ಆದರೆ ಮಧ್ಯಾಹ್ನ ಅವನಿಗೆ ಒಂದು ಸುತ್ತೂ ಸಾಧ್ಯವಾಗಿರಲಿಲ್ಲ.

ಹೀಗೇಕಾಯಿತು ಎಂಬುದಕ್ಕೆ ಲೆಕ್ಕ ಬಹಳ ಸರಳವಾಗಿದೆ. ಪಿ.ಎಸ್.ಐ. ಎಂದರೆ ಒಂದು ಚದರ ಅಂಗುಲದ ಮೇಲೆ ಇಷ್ಟು ಪೌಂಡು ಒತ್ತಡ ಎಂದರ್ಥ. ಸವಾರ ಮತ್ತು ಸೈಕಲ್ಲಿನ ಭಾರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಟೈರು ನೆಲವನ್ನು ಎಷ್ಟು ಚದರ ಅಂಗುಲ ಮುಟ್ಟುತ್ತದೆ ಎಂಬ ಅಂದಾಜು ಸಿಗುತ್ತದೆ. ಟೈರಿನ ಹೊದಿಕೆಯ ಸ್ವಂತ ಗಡಸುತನವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಸೈಕಲ್ಲಿನ ಭಾರ 6 ಕಿಲೋ ಎನ್ನೋಣ. ಆ ಮನೆಯ ಹುಡುಗ ಕುಳಿತಾಗ ಒಟ್ಟು 51 ಕಿಲೋ, ಅಂದರೆ 112 ಪೌಂಡು; 25ರ ಒತ್ತಡದಲ್ಲಿ ಟೈರು ಮುಟ್ಟುವುದು ನಾಲ್ಕೂವರೆ ಚದರ ಅಂಗುಲ. ನಮ್ಮವನು ಕುಳಿತಾಗ ಒಟ್ಟು 84 ಕಿಲೋ, ಅಂದರೆ 185 ಪೌಂಡು. ಅದೇ ಗಾಳಿಯಲ್ಲಿ ಟೈರು ಮುಟ್ಟುವುದು ಏಳು ಚದರ ಅಂಗುಲಕ್ಕೂ ಹೆಚ್ಚು. ಟೈರು ಒಂದೇ, ಗಾಳಿಯೂ ಒಂದೇ. ಆದರೆ ಅವರಿಬ್ಬರು ಏರಿದ್ದು ಬೇರೆ ಬೇರೆ ವಾಹನಗಳನ್ನು. 40ಕ್ಕೆ ಏರಿಸಿದಾಗ ಮಾತ್ರ ನಮ್ಮವನಿಗೂ ನಾಲ್ಕೂವರೆಯ ಆಸುಪಾಸಿನ ನೆಲ ಸಿಕ್ಕಿತು.

ಎರಡು ಗಾಲಿಯ ಸೈಕಲ್ಲಿನಲ್ಲಿ ಈ ವ್ಯತ್ಯಾಸ ಇಷ್ಟು ಕಾಡುವುದಿಲ್ಲ. ಅಲ್ಲಿ ಭಾರ ಹಂಚಿಹೋಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಐದರಲ್ಲಿ ಮೂರು ಪಾಲು ಹಿಂದಿನ ಗಾಲಿಗೆ, ಎರಡು ಪಾಲು ಮುಂದಿನದಕ್ಕೆ. ಒಂಟಿಗಾಲಿಯಲ್ಲಿ ಹಂಚಿಕೊಳ್ಳಲು ಇನ್ನೊಬ್ಬರಿಲ್ಲ. ಆದ್ದರಿಂದ ನಮ್ಮ ಮಾಮೂಲು ಸೈಕಲ್ಲಿಗೆ ಸರಿಹೋಗುವ ಗಾಳಿಯನ್ನೇ ಇದಕ್ಕೂ ತುಂಬಿದರೆ ಅದು ಮೆತ್ತಗಾಗುವುದು ಖಚಿತ. ಸೂರ್ಯನ ರಥಕ್ಕೂ ಒಂದೇ ಚಕ್ರವೆಂದು ನಮ್ಮ ಪುರಾಣಗಳು ಹೇಳುತ್ತವೆ. ಆದರೆ ಆ ಸಾರಥಿ ಟ್ಯೂಬಿನ ಗೋಜಿಗೆ ಹೋಗಬೇಕಾಗಿರಲಿಲ್ಲ.

ನೆಲ ಮುಟ್ಟುವ ಭಾಗ ಹಿರಿದಾದರೆ ತೊಂದರೆಯೇನು ಎಂದು ಕೇಳಬಹುದು. ಒಂಟಿಗಾಲಿಗೆ ಹಿಡಿಕೆಯಿಲ್ಲ. ಸವಾರನು ಸೊಂಟವನ್ನು ತಿರುವಿಯೇ ಗಾಲಿಯ ದಿಕ್ಕನ್ನು ಬದಲಿಸುತ್ತಾನೆ. ಬೀಳಲಿದ್ದೇನೆ ಎನಿಸಿದ ಕಡೆಗೆ ಗಾಲಿಯನ್ನು ತಿರುಗಿಸಿ ಅದನ್ನು ತನ್ನ ಕೆಳಗೆ ತಂದುಕೊಳ್ಳುವುದೇ ಅವನ ಬ್ಯಾಲೆನ್ಸು. ಗಾಲಿ ನಿಂತಲ್ಲೇ ಸ್ವಲ್ಪ ತಿರುಚಿಕೊಳ್ಳಬೇಕು. ಮೆತ್ತಗಿನ ಟೈರು ನೆಲವನ್ನು ಅಗಲವಾಗಿ ಕಚ್ಚಿಕೊಂಡು ಈ ತಿರುವಿಗೆ ಎದುರು ನಿಲ್ಲುತ್ತದೆ. ಸೊಂಟ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ, ಮೈ ಮತ್ತೆ ಹಿಂದಕ್ಕೆ ಸೆಳೆಯಲ್ಪಡುತ್ತದೆ, ಅಷ್ಟರಲ್ಲಿ ಬೀಳುವ ಹೊತ್ತಾಗಿರುತ್ತದೆ. ಹೊಸಬನಿಗೆ ಇದು ಟೈರಿನ ಹಟವೆಂದು ಗೊತ್ತಾಗುವುದಿಲ್ಲ. ಇದರ ಜೊತೆಗೆ ಇನ್ನೊಂದು ಕಾಟವಿದೆ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಮಾಡಿರುತ್ತಾರೆ. ಅಗಲವಾದ ಮೆತ್ತಗಿನ ಟೈರು ಈ ಓರೆಯನ್ನು ಗುರುತಿಸಿ ಸವಾರನನ್ನು ಒಂದು ಬದಿಗೆ ಎಳೆಯುತ್ತದೆ. ಅವನು ಸೊಂಟವನ್ನು ಸದಾ ಒಂದು ಕಡೆಗೆ ಬಿಗಿಹಿಡಿದೇ ಸಾಗಬೇಕಾಗುತ್ತದೆ. ಒಂದು ಕಿಲೋಮೀಟರು ಹೀಗೆ ಹೋದವನ ಬೆನ್ನು ರಾತ್ರಿ ದೂರು ಹೇಳುತ್ತದೆ.

ಹಾಗಾದರೆ ಗಾಳಿಯನ್ನು ಗಟ್ಟಿಯಾಗಿ ಹೊಡೆದುಬಿಟ್ಟರೆ ಆಯಿತಲ್ಲ? ಇಲ್ಲ. ಒಂಟಿಗಾಲಿಯಲ್ಲಿ ಪೆಡಲು ನೇರವಾಗಿ ಗಾಲಿಯ ಅಚ್ಚಿಗೆ ಸೇರಿರುತ್ತದೆ. ಕಾಲು ನಿಲ್ಲಿಸಿ ಉರುಳಿಕೊಂಡು ಹೋಗುವ ಸೌಕರ್ಯ ಅಲ್ಲಿಲ್ಲ. ಗಾಲಿಗೆ ಆದದ್ದೆಲ್ಲ ಕಾಲಿಗೆ ಆಗುತ್ತದೆ. ಕಲ್ಲಿನಂತೆ ಬಿಗಿದ ಟೈರಿಗೆ ಒಂದು ಜಲ್ಲಿ ಅಡ್ಡ ಬಂದರೆ ಗಾಲಿ ಕ್ಷಣ ತಡೆಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಮೆತ್ತಗಿನ ಟೈರಾದರೆ ಆ ಜಲ್ಲಿಯನ್ನು ನುಂಗಿಕೊಂಡು ಮುಂದೆ ಸಾಗುತ್ತದೆ. ಪಲ್ಲಡಂನ ಹುಡುಗ ತನ್ನ ಬೀದಿಗೆ 25 ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಬೆಟ್ಟದ ದಾರಿಯಲ್ಲಿ 3 ಅಂಗುಲದ ದಪ್ಪ ಟೈರು ಹಾಕಿಕೊಂಡು ಹೋಗುವವರು ಇನ್ನೂ ಕೆಳಗಿಳಿಯುತ್ತಾರೆ. ನಿಂತಲ್ಲೇ ಕುಪ್ಪಳಿಸುವ ಆಟದವರಿಗೂ ಟೈರೇ ಚೆಂಡು. ಗಾಳಿ ಕಡಿಮೆಯಿದ್ದರೆ ಅದು ಅವರನ್ನು ಎತ್ತಿ ಚಿಮ್ಮಿಸುತ್ತದೆ. ಕೆಳಗಿಳಿಯುವುದಕ್ಕೂ ಒಂದು ಮಿತಿಯುಂಟು. ಟೈರು ಪೂರ್ತಿ ಅಪ್ಪಚ್ಚಿಯಾಗಿ ರಿಮ್ಮು ನೆಲವನ್ನು ತಾಗಿದರೆ ನಡುವೆ ಸಿಕ್ಕ ಟ್ಯೂಬಿನಲ್ಲಿ ಒಂದರ ಪಕ್ಕ ಒಂದರಂತೆ ಎರಡು ತೂತು ಬೀಳುತ್ತವೆ, ಹಾವು ಕಚ್ಚಿದ ಗುರುತಿನ ಹಾಗೆ. ಪಂಕ್ಚರ್ ತೆಗೆಸುವಾಗ ಜೋಡಿ ತೂತು ಕಂಡರೆ ಮೊಳೆಯನ್ನು ಹುಡುಕುತ್ತ ಕೂರಬೇಡಿ. ಗಾಳಿ ಕಡಿಮೆಯಿತ್ತು ಎಂದು ತಿಳಿಯಿರಿ.

ಈಗ ಹೆಬ್ಬೆರಳಿನ ವಿಚಾರ. ಅದನ್ನು ನಾನು ಹೀಗಳೆಯಲಾರೆ. ಆ ಮನೆಯ ಹಿರಿಯರು ಮಗ್ಗದ ಮುಂದೆ ಜೀವಮಾನ ಕಳೆದವರು. ಮೊಮ್ಮಗ ಪಂಪು ತರುವ ಮೊದಲೇ ಅವರು ಟೈರನ್ನು ಒಮ್ಮೆ ಒತ್ತಿ ನೋಡಿ, ಹಾಸಿನ ನೂಲನ್ನು ಬೆರಳಿನಿಂದ ಮೀಟಿ ನೋಡುವಂತೆಯೇ ತಲೆಯಾಡಿಸಿ, ಹದ ಇಲ್ಲವೆಂದರು. “ಅಜ್ಜಾರ, ಹದ ಅಂದ್ರ ಏನ್ರಿ?” ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಹಾಸು ಬಿಗಿಯಾದರೆ ಎಳೆ ಹರಿಯುತ್ತದೆ, ಸಡಿಲವಾದರೆ ಬಟ್ಟೆ ಸೊಟ್ಟಗಾಗುತ್ತದೆ, ನೂಲು ಬದಲಾದರೆ ಬಿಗಿಯೂ ಬದಲಾಗಬೇಕು. ಒಂಟಿಗಾಲಿಯ ಟೈರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತಿಳಿಯದು.

ಆದರೆ ಹೆಬ್ಬೆರಳಿಗೆ ಮೋಸವಾಗುವ ಒಂದು ಜಾಗವಿದೆ. ಬೆರಳಿಗೆ ತಿಳಿಯುವುದು ಬಹುಮಟ್ಟಿಗೆ ಹೊದಿಕೆಯ ಬಿಗಿತ, ಒಳಗಿನ ಒತ್ತಡವಲ್ಲ. ಒತ್ತಡ ಅಷ್ಟೇ ಇದ್ದರೂ ಟೈರು ದಪ್ಪವಾದಷ್ಟೂ ಅದರ ಹೊದಿಕೆಯ ಬಿಗಿತ ಏರುತ್ತದೆ. 1 ಅಂಗುಲದ ಟೈರಿನಲ್ಲಿ 60 ಇದ್ದಾಗ ಎಷ್ಟು ಬಿಗಿತವೋ 2 ಅಂಗುಲದ ಟೈರಿನಲ್ಲಿ 30 ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ. ತೆಳ್ಳನೆಯ ಟೈರಿನ ಮೇಲೆ ಪಳಗಿದ ಬೆರಳು ದಪ್ಪ ಟೈರನ್ನು ಒತ್ತಿದಾಗ ಸಾಕೆನ್ನುತ್ತದೆ, ಅದು ಸಾಕಾಗಿರುವುದಿಲ್ಲ. ಒಂದೇ ಟೈರಿನೊಡನೆ ದೀರ್ಘಕಾಲ ಒಡನಾಡಿದ ಬೆರಳನ್ನು ಮಾತ್ರ ನಂಬಬಹುದು. ಹಾಗೆ ಒಡನಾಡಲು ಮೊದಲು ಒಂದು ಸಂಖ್ಯೆ ಬೇಕು.

ಸಂಖ್ಯೆಯನ್ನು ಪಡೆಯುವುದೂ ನಮ್ಮಲ್ಲಿ ಸುಲಭವಲ್ಲ. ನಮ್ಮ ಹಳೆಯ ಸೈಕಲ್ಲುಗಳ ವಾಲ್ವಿನೊಳಗೆ ವಾಲ್‌ಟ್ಯೂಬ್ ಎಂಬ ಸಣ್ಣ ರಬ್ಬರು ಕೊಳವೆ ಇರುತ್ತದೆ. ಪಂಪಿನ ಗಾಳಿ ಆ ರಬ್ಬರನ್ನು ಹಿಗ್ಗಿಸಿ ಒಳಗೆ ನುಗ್ಗುತ್ತದೆ. ಒಳಗಿನ ಗಾಳಿ ಮರಳಿ ಹೊರಬರಲಾರದು. ಆದ್ದರಿಂದ ಅದರ ಮೇಲೆ ಗೇಜು ಇಟ್ಟರೆ ಒಳಗಿನ ನಿಜವಾದ ಒತ್ತಡ ಕಾಣುವುದಿಲ್ಲ, ರಬ್ಬರನ್ನು ತೆರೆಯಲು ಬೇಕಾದ ಒತ್ತಡವೂ ಸೇರಿ ಕಾಣುತ್ತದೆ. ನಮ್ಮ ಹಿರಿಯರು ಹೆಬ್ಬೆರಳನ್ನು ನೆಚ್ಚಿದ್ದು ಅಜ್ಞಾನದಿಂದಲ್ಲ, ಅವರ ವಾಲ್ವು ಬೇರೆ ದಾರಿ ಬಿಟ್ಟಿರಲಿಲ್ಲ. ಮೋಟಾರ್ ಬೈಕಿನದರಂತೆ ನಡುವೆ ಸಣ್ಣ ಮೊಳೆಯಿರುವ ವಾಲ್ವಾದರೆ ಗೇಜು ಸರಿಯಾಗಿ ಓದುತ್ತದೆ. ಆದರೆ ಅದೇ ಕಾರಣಕ್ಕೆ ಪೆಟ್ರೋಲ್ ಬಂಕಿನ ಯಂತ್ರದಿಂದ ಗಾಳಿ ಹಿಡಿಸುವ ಉಮೇದು ಬೇಡ. 20 ಅಂಗುಲದ ಸಣ್ಣ ಟ್ಯೂಬು ಆ ರಭಸಕ್ಕೆ ಕೆಲವೇ ಕ್ಷಣಗಳಲ್ಲಿ ತುಂಬಿ ಸಿಡಿಯಬಲ್ಲದು.

ಪಕ್ಕೆಯ ಮೇಲಿನ ಸಂಖ್ಯೆಯ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ. ಅದು ಸಾಮಾನ್ಯವಾಗಿ ಗರಿಷ್ಠ ಮಿತಿ: ಇದಕ್ಕಿಂತ ಮೇಲೆ ಹೋಗಬೇಡ ಎಂದು ಅದು ಎಚ್ಚರಿಸುತ್ತದೆ, ಇಷ್ಟಕ್ಕೆ ಏರಿಸು ಎಂದು ಹೇಳುವುದಿಲ್ಲ. ಗರಿಷ್ಠ ಅಂಕವನ್ನು ಉತ್ತೀರ್ಣತೆಯ ಅಂಕವೆಂದು ತಿಳಿಯುವ ವಿದ್ಯಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ. ಟೈರಿನ ಮುಂದೆ ಮಾತ್ರ ಎಲ್ಲರೂ ಹಾಗೆ ತಿಳಿಯುತ್ತಾರೆ.

ಇಲ್ಲಿ ಭಾಷೆಯ ವಿಷಯಕ್ಕೆ ಬರುತ್ತೇನೆ. ನಿಪ್ಪಾಣಿಯಲ್ಲಿ ನಾನು ಮೊದಲ ನಾಲ್ಕು ಇಯತ್ತೆಗಳನ್ನು ಮರಾಠಿಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದವನು. ಒಂಟಿಗಾಲಿ ಎಂಬುದನ್ನು ನಾನು ಮೊದಲು ಕಂಡದ್ದು ಬಾಲ್ಯದ ಸರ್ಕಸ್ಸಿನ ಡೇರೆಯಲ್ಲಿ. ಭಾರತೀಯ ಸರ್ಕಸ್ಸಿಗೆ 1880ರಲ್ಲಿ ಮುಂಬಯಿಯಲ್ಲಿ ನಾಂದಿ ಹಾಡಿದ ವಿಷ್ಣುಪಂತ ಛತ್ರೆಯವರ ಹೆಸರು ನಮ್ಮ ಕಡೆಯ ಮರಾಠಿ ಮನೆಗಳಲ್ಲಿ ಅಭಿಮಾನದಿಂದ ಕೇಳಿಬರುತ್ತಿತ್ತು. ಅಂದಿನಿಂದ ನನ್ನ ಕಿವಿಯಲ್ಲಿ ಎರಡು ಕ್ರಿಯಾಪದಗಳಿವೆ. ಮರಾಠಿಯಲ್ಲಿ ‘ಹವಾ ಭರಣೆ’, ಅಂದರೆ ಹವೆಯನ್ನು ತುಂಬುವುದು. ಕನ್ನಡದಲ್ಲಿ ‘ಗಾಳಿ ಹೊಡೆಯುವುದು’. ಪಲ್ಲಡಂನಲ್ಲಿ ಕೇಳಿದ ತಮಿಳೂ ‘ಕಾತ್ತು ಅಡಿ’ ಎಂದು ಹೊಡೆಯುವ ಕಡೆಗೇ ನಿಂತಿತು. ತುಂಬುವುದು ಎಂದರೆ ಪಾತ್ರೆಗೆ ಒಂದು ಕಂಠವಿದೆ, ಅಲ್ಲಿಗೆ ಬಂದಾಗ ಮುಗಿಯಿತು ಎಂಬ ಭಾವನೆ. ಹೊಡೆಯುವುದು ಎಂದರೆ ಕೈ ಸೋಲುವವರೆಗೆ. ಎರಡೂ ಕ್ರಿಯಾಪದಗಳು ಒತ್ತಡದ ವಿಷಯದಲ್ಲಿ ನಮಗೆ ದಾರಿ ತೋರುವುದಿಲ್ಲ, ಏಕೆಂದರೆ ಹತ್ತರಲ್ಲೂ ಟ್ಯೂಬು ತುಂಬಿಯೇ ಇರುತ್ತದೆ, ಐವತ್ತರಲ್ಲೂ ತುಂಬಿಯೇ ಇರುತ್ತದೆ. ಬದಲಾಗುವುದು ಅದು ಎಷ್ಟು ತಳ್ಳುತ್ತದೆ ಎಂಬುದು.

ದಾರಿ ತೋರುವ ಮಾತು ಹದ. ಪಕಾರವು ಹಕಾರವಾದ ಕಥೆಯನ್ನು ನೀವು ಭಾಷಾಶಾಸ್ತ್ರದಲ್ಲಿ ಓದುತ್ತೀರಿ: ಪಾಲು ಹಾಲಾಯಿತು, ಪಾವು ಹಾವಾಯಿತು. ಹಾಗೆಯೇ ಹಳಗನ್ನಡದ ‘ಪದ’ ನಡುಗನ್ನಡ ಹೊಸಗನ್ನಡಗಳಲ್ಲಿ ಹದವಾಯಿತು. ತಮಿಳು ‘ಪದಂ’ ಎಂದು ಹಳೆಯ ಪಕಾರವನ್ನೇ ಉಳಿಸಿಕೊಂಡಿದೆ. ಬೆಲ್ಲದ ಪಾಕಕ್ಕೆ ಹದ, ಬಿತ್ತುವ ನೆಲಕ್ಕೆ ಹದ, ಕುಡುಗೋಲಿನ ಬಾಯಿಗೆ ಹದ, ತೊಗಲಿಗೆ ಹದ. ಅಡುಗೆಮನೆಯಿಂದ ಕುಲುಮೆಯವರೆಗೆ ನಡೆದು ಬಂದ ಈ ಮಾತು ಟೈರಿನ ಹತ್ತಿರಕ್ಕೆ ಏಕೆ ಬರಬಾರದು? ಪಲ್ಲಡಂನ ನೇಕಾರರು ಅದನ್ನು ಸಹಜವಾಗಿಯೇ ತಂದಿದ್ದರು. ಕಾಶ್ಮೀರದ ಕ್ಷೇಮೇಂದ್ರ 11ನೆಯ ಶತಮಾನದಲ್ಲಿ ‘ಔಚಿತ್ಯವಿಚಾರಚರ್ಚೆ’ಯನ್ನು ಬರೆದು ಕಾವ್ಯದಲ್ಲಿ ಯಾವುದು ಎಲ್ಲಿ ತಕ್ಕದ್ದು ಎಂಬುದನ್ನೇ ಜೀವಾಳವಾಗಿಸಿದ. ಪರೀಕ್ಷೆಯಲ್ಲಿ ಔಚಿತ್ಯದ ಮೇಲೆ ಹತ್ತು ಅಂಕದ ಪ್ರಶ್ನೆ ಬಂದಾಗ ತಡಬಡಾಯಿಸುವವರು ಹದ ಎಂಬ ಮಾತಿನಿಂದ ಆರಂಭಿಸಿದರೆ ಅರ್ಧ ದಾರಿ ಕ್ರಮಿಸಿದಂತೆ.

ಮರಳಿ ಬಂದ ಮೇಲೆ ವಿದ್ಯಾರ್ಥಿಗಳ ಪದಸಂಗ್ರಹವನ್ನು ನೋಡಿದೆ. ಮಗ್ಗದ ಭಾಗಗಳ ಹೆಸರು, ಚೌಡೇಶ್ವರಿಯ ಪೂಜೆಯ ಮಾತು, ಮದುವೆಯ ಮಾತು, ಬಂಧುವಾಚಕಗಳು ಎಲ್ಲವೂ ಅಚ್ಚುಕಟ್ಟಾಗಿದ್ದವು. ಬೀದಿಯಲ್ಲಿ ಅರ್ಧ ದಿನ ನಡೆದ ಗಾಳಿಯ ಚರ್ಚೆಯಿಂದ ಒಂದು ಪದವೂ ಅದರಲ್ಲಿರಲಿಲ್ಲ. ಎಡೆ ಕೂಡ ಇರಲಿಲ್ಲ. ಹಳೆಯದು ಮಾತ್ರ ಕನ್ನಡ, ರಬ್ಬರು ಕಬ್ಬಿಣಗಳ ಸಂಗತಿ ಕನ್ನಡದ್ದಲ್ಲ ಎಂಬ ಎಣಿಕೆ ನಮ್ಮ ವಿಭಾಗಗಳಲ್ಲಿ ಬಲವಾಗಿ ಬೇರೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ಗಾಳಿ ತುಂಬಿದ ಟೈರು ನಿನ್ನೆ ಮೊನ್ನೆಯದಲ್ಲ. ಅದಕ್ಕೆ ಥಾಮ್ಸನ್ ಎಂಬಾತ ಹಕ್ಕುಪತ್ರ ಪಡೆದದ್ದು 1845ರಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಕೊಂಡು ಹಕ್ಕುಪತ್ರ ಪಡೆದದ್ದು 1888ರಲ್ಲಿ. ನಾಲ್ಕೈದು ತಲೆಮಾರುಗಳಿಂದ ಕನ್ನಡಿಗರು ಆ ಟೈರಿನ ಮೇಲೆ ಕುಳಿತು ಶಾಲೆಗೆ, ಸಂತೆಗೆ, ಗಿರಣಿಗೆ ಹೋಗಿ ಬಂದಿದ್ದಾರೆ. ಹೋಗುತ್ತ ಬರುತ್ತ ಅದರ ಬಗ್ಗೆ ಮಾತನಾಡಿದ್ದಾರೆ. ಆ ಮಾತೂ ಸಂಗ್ರಹಕ್ಕೆ ಅರ್ಹ.

ಇನ್ನು, ನಿಜವಾಗಿಯೂ ಏರಬೇಕೆನ್ನುವವರಿಗೆ. ಮೇಲಿನ ಲೆಕ್ಕದಿಂದ ನಾನು ಒಂದು ಸೂತ್ರ ಮಾಡಿಕೊಂಡಿದ್ದೇನೆ. 2 ಅಂಗುಲ ಅಗಲದ ಟೈರಿಗೆ ಮಾತ್ರ ಅದು ಅನ್ವಯ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ ಎಷ್ಟು ಕಿಲೋ ಇದೆಯೋ ಅದರ ಅರ್ಧದಷ್ಟು ಪಿ.ಎಸ್.ಐ. ಮೊದಲು ಇಟ್ಟುಕೊಳ್ಳಿ. ಒಟ್ಟು 66 ಕಿಲೋ ಇದ್ದರೆ 33. ನಯವಾದ ಸಿಮೆಂಟು ನೆಲದಲ್ಲಿ ಕಲಿಯುವವರು ಅಲ್ಲಿಂದ ಐದೈದರಂತೆ ಏರಿಸಿ ನೋಡಿ, 40ರ ಸುತ್ತ ಗಾಲಿ ಸಲೀಸಾಗಿ ತಿರುಗುವುದು ಅನುಭವಕ್ಕೆ ಬರುತ್ತದೆ. ಪಕ್ಕೆಯ ಮೇಲಿನ ಮಿತಿಯನ್ನು ಮಾತ್ರ ದಾಟಬೇಡಿ. ಜಲ್ಲಿ, ಮಣ್ಣು ಎಂದಾದರೆ ಅರ್ಧದಿಂದ ಕೆಳಗೆ ಎರಡೆರಡರಂತೆ ಇಳಿಸಿ. ಕುಳಿತು ಒಮ್ಮೆ ಮೆಲ್ಲಗೆ ಕುಪ್ಪಳಿಸಿದಾಗ ರಿಮ್ಮು ತಾಗಿದ ಸದ್ದು ಬಂದರೆ ಅದು ನಿಮ್ಮ ತಳ, ಅಲ್ಲಿಂದ ಮೇಲಕ್ಕೆ ಬನ್ನಿ. 36 ಅಂಗುಲದ ದೊಡ್ಡ ಗಾಲಿಯಲ್ಲಿ ದೂರ ಹೋಗುವವರ ಲೆಕ್ಕ ಬೇರೆ. ಅವರು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇಡುತ್ತಾರೆ, ಅವರ ಚಿಂತೆ ತಿರುವಿಗಿಂತ ದಣಿವಿನದು.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂಜಾನೆ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 40 ಇಟ್ಟ ಟೈರು ತಗಡಿನ ಮಾಡಿನಡಿ 45 ಡಿಗ್ರಿಗೆ ಕಾದರೆ ಸುಮಾರು 44 ತೋರಿಸುತ್ತದೆ. ಆದ್ದರಿಂದ ಅಳೆಯುವುದು ಯಾವಾಗಲೂ ಒಂದೇ ಹೊತ್ತಿನಲ್ಲಿ, ನೆರಳಿನಲ್ಲಿ ಇರಲಿ. ಹೊರಗಿನ ಗಾಳಿಯ ಬಗ್ಗೆ ಸೂತ್ರವಿಲ್ಲ. ಪಾಲಕ್ಕಾಡಿನ ಕಣಿವೆಯಿಂದ ಜೂನ್ ತಿಂಗಳಲ್ಲಿ ನುಗ್ಗಿ ಬಂದು ಪಲ್ಲಡಂನ ಗಾಳಿಯಂತ್ರಗಳನ್ನು ತಿರುಗಿಸುವ ಆ ಗಾಳಿ ಪಕ್ಕದಿಂದ ಬೀಸಿದಾಗ ಆ ಮನೆಯ ಹುಡುಗನೂ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ನಡೆದದ್ದನ್ನು ಕಂಡಿದ್ದೇನೆ.

ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ 38 ತೋರಿದ್ದು ಇನ್ನೊಂದರಲ್ಲಿ 41 ತೋರೀತು. ಅದಕ್ಕೆ ತಲೆಕೆಡಿಸಿಕೊಳ್ಳದೆ ಯಾವಾಗಲೂ ಒಂದೇ ಗೇಜನ್ನು ಬಳಸುವುದು ಮುಖ್ಯ. ಸಂಖ್ಯೆ ನಿಜವಾಗಿರುವುದಕ್ಕಿಂತ ಮತ್ತೆ ಮತ್ತೆ ಅದೇ ಬರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಂಪನ್ನು ಕಳಚುವಾಗ ಹೋಗುವ ಗಾಳಿ, ದಿನದಿನಕ್ಕೆ ರಬ್ಬರಿನಿಂದ ಸೋರಿಹೋಗುವ ಗಾಳಿ ಇವೆರಡೂ ಇರುವುದರಿಂದ ವಾರಕ್ಕೊಮ್ಮೆಯಾದರೂ ನೋಡಬೇಕು.

ಪಲ್ಲಡಂನಲ್ಲಿ ಬಿದ್ದ ಹುಡುಗ ಈಗ ಹಳೆಯದೊಂದು ಒಂಟಿಗಾಲಿಯನ್ನು ಕೊಂಡಿದ್ದಾನೆ. ಮೈದಾನದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಂಜೆ ಐದರ ಮೇಲೆ ಅವನನ್ನು ನೋಡಬಹುದು, ಕೇಳಿದವರಿಗೆ ಕೊಡುತ್ತಾನೆ. ಕೊಡುವ ಮೊದಲು ತೂಕ ಕೇಳುತ್ತಾನೆ, ಎಡೆ ಎಷ್ಟು ಎಂದೇ. ವಿಭಾಗದ ಕಪಾಟಿನಲ್ಲಿ ಗೇಜು ಇರುವ ಒಂದು ಪಂಪನ್ನು ತಂದಿರಿಸಿದ್ದೇನೆ. ಪುಸ್ತಕಗಳಂತೆಯೇ ಸಹಿ ಮಾಡಿ ಒಯ್ಯಬಹುದು. ಅದರ ಜೊತೆಗಿರುವ ವಹಿಯಲ್ಲಿ ನಿಮ್ಮ ತೂಕ, ನೆಲ, ಇಟ್ಟ ಗಾಳಿ, ಆದ ಅನುಭವ ಇವನ್ನು ಕನ್ನಡದಲ್ಲಿ, ನಿಮ್ಮ ಊರಿನ ಮಾತಿನಲ್ಲಿ ಬರೆಯಿರಿ. ಒಂದೇ ಸಾಲು ಸಾಕು. ಪಂಪಿನ ತೊಗಲಿನ ವಾಶರು ಒಣಗಿದ್ದರೆ ಎರಡು ಹನಿ ಎಣ್ಣೆ ಬಿಡಬೇಕು. ಎಣ್ಣೆಯ ಶೀಶೆ ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿದೆ.